ಅವರ್ಸ್ ಅಂದ್ರೆ ಯಾರದು? 212 ಸಾಲು ಕಳೆದು ಸಿಕ್ಕ ಒಂದು ಮರ್ಜ್ ಪ್ರಕರಣ

ಇದು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ 2025ರ ಏಪ್ರಿಲ್ ಕೊನೆಯಲ್ಲಿ ನಡೆದದ್ದು. ಗಿಟ್ ಅಂದರೆ ಫೈಲುಗಳಲ್ಲಿ ಯಾರು ಏನು ಬದಲಿಸಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್. ಇಬ್ಬರ ಬದಲಾವಣೆಗಳನ್ನು ಅದರಲ್ಲಿ ಕೂಡಿಸುವುದಕ್ಕೆ ಮರ್ಜ್ ಅನ್ನುತ್ತಾರೆ. ಹಾಗೆ ಕೂಡಿಸುವಾಗ ಒಬ್ಬರ 212 ಸಾಲಿನ ಕೆಲಸ ಮಾಯವಾಗಿ ಮತ್ತೆ ಸಿಕ್ಕ ಕಥೆ ಇದು. ಕಂಪನಿಯ ಹೆಸರು, ಜನರ ಹೆಸರು, ಅಪಾರ್ಟ್‌ಮೆಂಟಿನ ಗುರುತು ಯಾವುದನ್ನೂ ಹೇಳಿಲ್ಲ. ಬಿಲ್ಲಿನ ಸಾಲುಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ನನ್ನ ತಪ್ಪನ್ನು ಮಾತ್ರ ಬದಲಿಸದೆ ಹಾಗೇ ಬರೆದಿದ್ದೇನೆ.

ಹಿನ್ನೆಲೆ

ಬಸವನಗುಡಿಯಲ್ಲಿ ಒಂದು ಮಹಡಿ ಮೇಲಿನ ಆಫೀಸು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಆರು ಜನ. ಅಪಾರ್ಟ್‌ಮೆಂಟ್‌ಗಳ ತಿಂಗಳ ಲೆಕ್ಕದ ಸಾಫ್ಟ್‌ವೇರ್ ಇವರ ಕಸುಬು. ಮೇಂಟೆನೆನ್ಸ್, ಟ್ಯಾಂಕರ್ ನೀರು, ಜನರೇಟರ್ ಡೀಸೆಲ್, ಕಾವೇರಿ ನೀರಿನ ಬಿಲ್ಲನ್ನು ಮನೆಮನೆಗೆ ಹಂಚುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಬಿಲ್ ಕನ್ನಡದಲ್ಲೂ ಬರುತ್ತದೆ, ಇಂಗ್ಲಿಷಿನಲ್ಲೂ ಬರುತ್ತದೆ. ನಾನು ಅಲ್ಲಿ ವಾರಕ್ಕೆ ಎರಡು ದಿನ ಹೋಗುವ ಹೊರಗಿನವನು.

ಕನ್ನಡದ ಸಾಲುಗಳೆಲ್ಲ ಒಂದೇ ಫೈಲಿನಲ್ಲಿದ್ದವು. ಸುಮಾರು 1,140 ಸಾಲು, ಒಂದು ಸಾಲಿಗೆ ಒಂದು ಸಂದೇಶ. ಅದನ್ನು ನೋಡಿಕೊಳ್ಳುವವರು ಒಬ್ಬ ನಿವೃತ್ತ ಹೈಸ್ಕೂಲು ಕನ್ನಡ ಮೇಡಂ. ಹನುಮಂತನಗರದ ಮನೆಯಿಂದಲೇ ಕೆಲಸ ಮಾಡುತ್ತಾರೆ. ಗಿಟ್ ಕಲಿತದ್ದು ಅರವತ್ತು ದಾಟಿದ ಮೇಲೆ. ಐದು ಕಮ್ಯಾಂಡ್‌ಗಳನ್ನು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಪುಲ್ (ಸರ್ವರ್‌ನಿಂದ ಹೊಸದನ್ನು ತಂದು ಕೂಡಿಸುವುದು), ಸ್ಟೇಟಸ್ (ಈಗಿನ ಸ್ಥಿತಿ ನೋಡುವುದು), ಆಡ್ (ಬದಲಾವಣೆಯನ್ನು ಆರಿಸುವುದು), ಕಮಿಟ್ (ಅದನ್ನು ದಾಖಲಿಸುವುದು), ಪುಶ್ (ಸರ್ವರ್‌ಗೆ ಕಳಿಸುವುದು). ಅಷ್ಟರಲ್ಲಿ ಅವರು ಒಂದೂವರೆ ವರ್ಷ ಒಂದೇ ಒಂದು ತೊಂದರೆ ಕೊಡದೆ ಕೆಲಸ ಮಾಡಿದ್ದರು. ಆಫೀಸಿನ ಹುಡುಗರ ಬಗ್ಗೆ ಈ ಮಾತು ಹೇಳಲಾರೆ.

ಆ ತಿಂಗಳು ಎಲ್ಲರೂ ಒಂದೇ ಫೈಲಿಗೆ ಕೈ ಹಾಕಬೇಕಾಗಿ ಬಂದದ್ದು ಜಲಮಂಡಳಿಯಿಂದ. 2014ರ ನಂತರ ಮೊದಲ ಸಲ, 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿತು. ಮೇ ತಿಂಗಳ ಬಿಲ್ ಹೊಸ ದರದಲ್ಲಿ ಹೋಗಬೇಕು. ದರದ ಲೆಕ್ಕವನ್ನು ಬದಲಿಸಿದ್ದು ಹಿರಿಯ ಡೆವಲಪರ್. ಬಿಲ್ಲಿನ ಮೇಲೆ ಹೊಸ ದರದ ಟಿಪ್ಪಣಿಯೂ ಬೇಕಲ್ಲ, ಹಾಗಾಗಿ ಅವರು ಕನ್ನಡದ ಫೈಲಿನಲ್ಲೂ ನಲವತ್ತು ಸಾಲು ಮುಟ್ಟಿ, 22ನೇ ತಾರೀಕು ಮೇನ್ ಬ್ರಾಂಚಿಗೆ, ಅಂದರೆ ಎಲ್ಲರ ಕೆಲಸ ಬಂದು ಸೇರುವ ಮುಖ್ಯ ಪ್ರತಿಗೆ, ಸೇರಿಸಿದರು.

ಮೇಡಂ ಅಷ್ಟರಲ್ಲಿ ಏಪ್ರಿಲ್ ಮೊದಲ ವಾರದಿಂದಲೇ ತಮ್ಮ ಬ್ರಾಂಚಿನಲ್ಲಿ, ಅಂದರೆ ಮೇನ್‌ನಿಂದ ಕವಲೊಡೆದ ತಮ್ಮದೇ ಪ್ರತಿಯಲ್ಲಿ, ಬೇರೆ ಕೆಲಸ ಹಿಡಿದಿದ್ದರು. ಬಿಲ್ಲಿನ ಕನ್ನಡವನ್ನು ಮನುಷ್ಯರು ಮಾತಾಡುವ ಕನ್ನಡ ಮಾಡುವುದು. ‘ಮೊತ್ತವು ಪಾವತಿಸಲ್ಪಟ್ಟಿದೆ’ ಅಂತ ಇದ್ದದ್ದು ‘ಹಣ ಬಂದಿದೆ’ ಆಯಿತು. ‘ಅಂತಿಮ ಪಾವತಿ ದಿನಾಂಕ’ ಹೋಗಿ ‘ಕಟ್ಟಬೇಕಾದ ಕೊನೆ ದಿನ’ ಬಂತು. ಹೀಗೆ 212 ಸಾಲು, 9 ಕಮಿಟ್.

ಇವೆರಡರ ಮಧ್ಯೆ ಮೂರನೆಯವನು ಬಂದ. ಸೇರಿ ಮೂರು ತಿಂಗಳಾಗಿದ್ದ ಹೊಸ ಹುಡುಗ. ಫೈಲಿನಲ್ಲಿ ಯಾವ ಸಂದೇಶ ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಇಡೀ ಫೈಲನ್ನು ಅಕ್ಷರ ಕ್ರಮಕ್ಕೆ ಜೋಡಿಸಿ, 25ನೇ ತಾರೀಕು ನೇರವಾಗಿ ಮೇನ್‌ಗೆ ಹಾಕಿದ. ಒಂದು ಅಕ್ಷರವೂ ಬದಲಾಗಿರಲಿಲ್ಲ. ಸಾಲುಗಳ ಜಾಗ ಮಾತ್ರ ಬದಲಾಗಿತ್ತು. ‘ಸುಮ್ನೆ ಸಾರ್ಟ್ ಮಾಡಿದ್ದು ಸರ್’ ಅಂದ. ಮರ್ಜ್ ಮಾಡುವವನ ಪಾಲಿಗೆ ಆ ‘ಸುಮ್ನೆ’ ಸುಮ್ಮನಿರುವುದಿಲ್ಲ.

ಲಗ್ನಪತ್ರಿಕೆಯ ಪ್ರೂಫ್

ಮುಂದಿನದು ಅರ್ಥವಾಗಬೇಕಾದರೆ ಗಿಟ್ ಎರಡು ಬದಲಾವಣೆಗಳನ್ನು ಹೇಗೆ ಕೂಡಿಸುತ್ತದೆ ಅನ್ನುವುದು ಗೊತ್ತಿರಬೇಕು. ನಾನು ಹೊಸಬರಿಗೆ ಹೇಳುವುದು ಹೀಗೆ.

ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟಿದ್ದೀರಿ. ಪ್ರೂಫಿನ ಒಂದು ಪ್ರತಿ ಗಂಡಿನ ಮನೆಗೆ ಹೋಯಿತು, ಇನ್ನೊಂದು ಹೆಣ್ಣಿನ ಮನೆಗೆ. ಇಬ್ಬರೂ ತಿದ್ದಿ, ಹೊಸದಾಗಿ ಬರೆದು ವಾಪಸ್ ಕಳಿಸಿದರು. ಗಂಡಿನ ಮನೆಯ ಪ್ರತಿಯಲ್ಲಿ ಒಬ್ಬ ಚಿಕ್ಕಪ್ಪನ ಹೆಸರಿದೆ. ಹೆಣ್ಣಿನ ಮನೆಯ ಪ್ರತಿಯಲ್ಲಿ ಇಲ್ಲ. ಈಗ ಅಂಗಡಿಯವನು ಏನು ಮಾಡಬೇಕು? ಆ ಹೆಸರು ಗಂಡಿನವರು ಹೊಸದಾಗಿ ಸೇರಿಸಿದ್ದೋ, ಹೆಣ್ಣಿನವರು ಬೇಕಂತಲೇ ತೆಗೆದದ್ದೋ? ಎರಡು ಪ್ರತಿಯನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಗೊತ್ತಾಗುವುದಿಲ್ಲ. ತಾನು ಮೊದಲು ಕಳಿಸಿದ ಪ್ರೂಫ್ ತೆಗೆದು ನೋಡಬೇಕು. ಅದರಲ್ಲಿ ಹೆಸರಿಲ್ಲದಿದ್ದರೆ ಸೇರಿಸಿದ್ದು. ಇದ್ದರೆ ತೆಗೆದದ್ದು.

ಗಿಟ್ ಮಾಡುವುದೂ ಇದನ್ನೇ. ಎರಡು ಬ್ರಾಂಚ್ ಕವಲೊಡೆದ ಜಾಗವನ್ನು ಹುಡುಕುತ್ತದೆ. ಅದಕ್ಕೆ ಮರ್ಜ್ ಬೇಸ್ ಅಂತ ಹೆಸರು. ಆ ಮೂಲ ಪ್ರತಿಯಿಂದ ಒಬ್ಬರು ಏನು ಬದಲಿಸಿದರು, ಇನ್ನೊಬ್ಬರು ಏನು ಬದಲಿಸಿದರು ಅಂತ ನೋಡುತ್ತದೆ. ಒಂದು ಜಾಗವನ್ನು ಒಬ್ಬರೇ ಮುಟ್ಟಿದ್ದರೆ ಅವರದನ್ನು ತೆಗೆದುಕೊಳ್ಳುತ್ತದೆ. ಇಬ್ಬರೂ ಒಂದೇ ರೀತಿ ಬದಲಿಸಿದ್ದರೆ ಒಂದು ಸಲ ಇಡುತ್ತದೆ. ಇಬ್ಬರೂ ಬೇರೆ ಬೇರೆ ರೀತಿ ಬದಲಿಸಿದ್ದರೆ ಮಾತ್ರ ಕೈಚೆಲ್ಲಿ, ಕಾನ್‌ಫ್ಲಿಕ್ಟ್ ಅಂತ ನಮ್ಮ ಮುಂದೆ ಇಡುತ್ತದೆ.

ಈ ಮೂರು ಪ್ರತಿಯ ಲೆಕ್ಕ ಗಿಟ್‌ಗಿಂತ ಹಳೆಯದು. ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು 2005ರಲ್ಲಿ. ಮೂರು ಫೈಲ್ ಹೋಲಿಸುವ ಡಿಫ್3 ಯೂನಿಕ್ಸ್ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ 1979ರಷ್ಟು ಹಿಂದೆಯೇ ಇತ್ತು. ಬೇಜಾರಿನ ವಿಷಯ ಅಂದರೆ, ಮೂಲ ಪ್ರತಿ ಗಿಟ್ ಕೈಯಲ್ಲೇ ಇರುತ್ತದೆ, ಆದರೆ ನಾವಾಗಿ ಕೇಳದಿದ್ದರೆ ತೋರಿಸುವುದಿಲ್ಲ. ಕಾನ್‌ಫ್ಲಿಕ್ಟ್ ಬಂದಾಗ ಫೈಲಿನೊಳಗೆ ಎರಡು ತುದಿ ಮಾತ್ರ ಕಾಣುತ್ತವೆ. ಚಿಕ್ಕಪ್ಪ ಇದ್ದಾನೆ, ಚಿಕ್ಕಪ್ಪ ಇಲ್ಲ. ನೀನೇ ಆರಿಸಿಕೋ.

29ನೇ ತಾರೀಕಿನ ಸಂಜೆ

ಮಂಗಳವಾರ. ಮಾರನೇ ದಿನ ಬಸವ ಜಯಂತಿ, ಅದರ ಮಾರನೇ ದಿನ ಮೇ ದಿನ. ಎರಡೂ ರಜೆ. ಹೋಗುವ ಮುಂಚೆ ಮೇಡಂ ಬ್ರಾಂಚನ್ನು ಮೇನ್‌ಗೆ ಸೇರಿಸಿಬಿಡು ಅಂತ ಹುಡುಗನಿಗೆ ಹೇಳಿ ನಾನು ಹೊರಟೆ.

ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತುತ್ತಿದ್ದ ಹಾಗೆ ಅವನ ಫೋನು.

‘ಸರ್, ಫುಲ್ ಕಾನ್‌ಫ್ಲಿಕ್ಟು. ಇಡೀ ಫೈಲೇ ಬಂದಿದೆ.’

‘ಎಲ್ಲಿದ್ದೀಯ, ಮೇಡಂ ಬ್ರಾಂಚಲ್ಲಾ?’

‘ಹೌದು ಸರ್. ಮೇನ್ ಪುಲ್ ಮಾಡಿದೆ.’

‘ಕನ್ನಡ ಮೇಡಂದೇ ಸರಿ ಕಣಪ್ಪಾ. ಅವರ್ಸ್ ಕೊಡು.’

‘ಅವರ್ಸಾ ಸರ್?’

‘ಹ್ಞೂಂ, ಅವರ್ಸ್.’

ಅಷ್ಟರಲ್ಲಿ ರೈಲು ನೆಲದಡಿಗೆ ಇಳಿಯಿತು. ಕೆ.ಆರ್. ಮಾರ್ಕೆಟ್ ಬರುವ ಮೊದಲೇ ಫೋನ್ ಕಟ್.

ನಾನು ಅಂದುಕೊಂಡದ್ದು ಇಷ್ಟು. ಅವನು ನಿಂತಿರುವುದು ಮೇಡಂ ಬ್ರಾಂಚಿನಲ್ಲಿ, ಅಲ್ಲಿಗೆ ಮೇನ್ ಅನ್ನು ಮರ್ಜ್ ಮಾಡುತ್ತಿದ್ದಾನೆ. ‘ಅವರ್ಸ್’ ಇಂಗ್ಲಿಷಿನ ours, ನಮ್ಮದು. ಮರ್ಜ್‌ನಲ್ಲಿ ಅದು ನಾವು ನಿಂತಿರುವ ಕಡೆಯದು, ಅಂದರೆ ಮೇಡಂದು. ‘ಥೇರ್ಸ್’ (theirs) ಅಂದರೆ ಒಳಗೆ ಬರುತ್ತಿರುವುದು.

ಆದರೆ ಅವನ ಕಂಪ್ಯೂಟರಿನ ಸೆಟ್ಟಿಂಗ್ ಬೇರೆ ಇತ್ತು. ಪುಲ್ ಅಂದರೆ ಮರ್ಜ್ ಬದಲು ರಿಬೇಸ್ ಆಗುವ ಹಾಗೆ ಯಾವಾಗಲೋ ಮಾಡಿಕೊಂಡು ಮರೆತಿದ್ದ. ರಿಬೇಸ್‌ನಲ್ಲಿ ಗಿಟ್ ಮೊದಲು ಹೋಗಿ ಮೇನ್ ಮೇಲೆ ನಿಲ್ಲುತ್ತದೆ. ಆಮೇಲೆ ನಮ್ಮ ಕಮಿಟ್‌ಗಳನ್ನು ಒಂದೊಂದಾಗಿ ತಂದು ಅದರ ಮೇಲೆ ಇಡುತ್ತದೆ. ಹಾಗಾಗಿ ನಿಂತಿರುವ ಕಡೆ ಮೇನ್, ಒಳಗೆ ಬರುತ್ತಿರುವುದು ಮೇಡಂ ಕೆಲಸ. ‘ಅವರ್ಸ್’ ಮತ್ತು ‘ಥೇರ್ಸ್’ ಅದಲುಬದಲು. ಇದು ಗಿಟ್‌ನ ಕೈಪಿಡಿಯಲ್ಲೇ ಇದೆ. ನನಗೂ ಗೊತ್ತಿತ್ತು. ಗೊತ್ತಿದ್ದವನು ‘ರಿಬೇಸಾ, ಮರ್ಜಾ?’ ಅಂತ ಕೇಳಲಿಲ್ಲ, ಅಷ್ಟೇ.

ಅವನು ‘ಗಿಟ್ ಚೆಕ್‌ಔಟ್ --ಅವರ್ಸ್’ ಕೊಟ್ಟ. ಆಡ್ ಮಾಡಿದ. ‘ಗಿಟ್ ರಿಬೇಸ್ --ಕಂಟಿನ್ಯೂ’. ಮತ್ತೆ ಕಾನ್‌ಫ್ಲಿಕ್ಟ್. ಮತ್ತೆ ಅವರ್ಸ್. ಒಂಬತ್ತು ಕಮಿಟ್, ಒಂಬತ್ತು ಸಲ. ಮೇಡಂ ಅವರ ಒಂಬತ್ತರಲ್ಲಿ ಆರು ಕಮಿಟ್‌ಗಳಲ್ಲಿ ಈ ಫೈಲ್ ಬಿಟ್ಟು ಬೇರೇನೂ ಇರಲಿಲ್ಲ. ಬದಲಾವಣೆಯೇ ಉಳಿಯದ ಆ ಆರನ್ನು ಗಿಟ್ ಸದ್ದಿಲ್ಲದೆ ಕೈಬಿಟ್ಟಿತು. ಸಹಾಯ ಪುಟವನ್ನೂ ತಿದ್ದಿದ್ದ ಮೂರು ಮಾತ್ರ ಉಳಿದವು. ಕೊನೆಗೆ ಯಶಸ್ವಿಯಾಗಿ ರಿಬೇಸ್ ಆಯಿತು ಅಂತ ಬಂತು. ಪುಶ್ ಮಾಡಿದರೆ ಸರ್ವರ್ ಬೇಡ ಅಂದಿತು. ಫೋರ್ಸ್ ಕೊಟ್ಟ, ಅಂದರೆ ಸರ್ವರ್‌ನಲ್ಲಿದ್ದ ಮೇಡಂ ಬ್ರಾಂಚಿನ ಮೇಲೆ ಬಲವಂತವಾಗಿ ಬರೆದ. ಮೇನ್‌ಗೂ ಸೇರಿಸಿ, ದೀಪ ಆರಿಸಿ ಮನೆಗೆ ಹೋದ.

ಕನ್ನಡದ ಕಿವಿಗೆ ‘ಅವರ್ಸ್’ ಅಂದರೆ ಅವರದು ಅಂತಲೇ ಕೇಳುತ್ತದೆ, ಅಲ್ವಾ? ಹುಡುಗ ನನ್ನ ಮಾತನ್ನು ‘ಅವರದು ಕೊಡು’ ಅಂತ ತಪ್ಪಾಗಿ ಕೇಳಿಸಿಕೊಂಡು ಥೇರ್ಸ್ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಆಮೇಲೆ ನಾವು ನಕ್ಕದ್ದುಂಟು. ಆದರೆ ಕೂತು ಯೋಚಿಸಿದಾಗ ನಗು ನಿಂತಿತು. ಚೆಕ್‌ಔಟ್ ಜೊತೆ ಅವರ್ಸ್, ಥೇರ್ಸ್ ಯಾವುದು ಕೊಟ್ಟರೂ ಅದು ಜಗಳ ಇರುವ ಸಾಲನ್ನಷ್ಟೇ ತೆಗೆದುಕೊಳ್ಳುವುದಿಲ್ಲ. ಇಡೀ ಫೈಲನ್ನು ಒಂದು ಕಡೆಯಿಂದ ಎತ್ತಿ ಇಡುತ್ತದೆ. ಮೇಡಂ ಕಡೆಯ ಫೈಲ್ ಇಟ್ಟಿದ್ದರೆ ಹಿರಿಯರು ಬರೆದ ಹೊಸ ದರದ ಟಿಪ್ಪಣಿ ಹೋಗುತ್ತಿತ್ತು. ಅಂದರೆ ನನ್ನ ಸಲಹೆಯಲ್ಲಿ ಪದ ತಪ್ಪಿದ್ದು ಚಿಕ್ಕ ವಿಷಯ. ಯಾರೋ ಒಬ್ಬರನ್ನು ಆರಿಸು ಅಂತ ಹೇಳಿದ್ದೇ ತಪ್ಪು. ಎರಡೂ ಮನೆಯ ತಿದ್ದುಪಡಿ ಬೇಕಾಗಿರುವಾಗ ಒಂದು ಮನೆಯ ಪ್ರೂಫನ್ನು ಕಸದಬುಟ್ಟಿಗೆ ಹಾಕು ಅಂದಂತೆ.

ಬಸವ ಜಯಂತಿಯ ಬೆಳಗ್ಗೆ

ಮಾದರಿ ಬಿಲ್ ಒಂದನ್ನು ಕಂಪನಿಯ ಮಾಲೀಕರು ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಹತ್ತು ಗಂಟೆಗೆ ಮೇಡಂ ಫೋನ್ ಮಾಡಿದರು. ಕೋಪವೇನೂ ಇರಲಿಲ್ಲ.

‘ಏನಪ್ಪಾ ಇದು, ಪಾವತಿಸಲ್ಪಟ್ಟಿದೆ ಅಂತ ಮತ್ತೆ ಬಂದಿದೆಯಲ್ಲ? ಮೂರು ವಾರ ನಾನು ಏನು ಮಾಡಿದೆ ಹಾಗಾದ್ರೆ?’

ನಾನು ಕೇಳಿದ ಮೊದಲ ಪ್ರಶ್ನೆ: ‘ಮೇಡಂ, ಇವತ್ತು ಪುಲ್ ಮಾಡಿದ್ರಾ?’ ಇಲ್ಲ, ಪೂಜೆ ಮುಗಿಸಿ ಈಗ ಲ್ಯಾಪ್‌ಟಾಪ್ ತೆಗೆಯುತ್ತಿದ್ದೇನೆ ಅಂದರು. ‘ದಯವಿಟ್ಟು ಮುಚ್ಚಿಬಿಡಿ. ನಾನು ಹೇಳೋವರೆಗೂ ಗಿಟ್ ಮುಟ್ಟಬೇಡಿ.’

ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಇದು. ಸರ್ವರ್‌ನಲ್ಲಿದ್ದ ಅವರ ಬ್ರಾಂಚ್ ಅಳಿದು ಬರೆದದ್ದಾಗಿತ್ತು. ಆದರೆ ಅವರ ಲ್ಯಾಪ್‌ಟಾಪಿನಲ್ಲಿ ಒಂಬತ್ತೂ ಕಮಿಟ್ ಹಾಗೇ ಇದ್ದವು. ಅಲ್ಲಿ ಏನೂ ನಡೆಯದಂತೆ ನೋಡಿಕೊಂಡರೆ ಒಂದು ಪ್ರತಿ ಭದ್ರ.

ಎರಡನೇ ಪ್ರತಿ ಹುಡುಗನ ಕಂಪ್ಯೂಟರಿನಲ್ಲಿತ್ತು. ಅವನನ್ನು ಆಫೀಸಿಗೆ ಕರೆಸಿದೆ. ಮುಖ ಸಪ್ಪಗಾಗಿತ್ತು. ‘ಗಿಟ್ ರಿಫ್‌ಲಾಗ್’ ಜೊತೆ ಆ ಬ್ರಾಂಚಿನ ಹೆಸರು ಕೊಟ್ಟೆವು. ಬ್ರಾಂಚ್ ಎಲ್ಲೆಲ್ಲಿ ನಿಂತಿತ್ತು ಅನ್ನುವ ದಿನಚರಿ ಅದು. ಮೇಲಿನ ಸಾಲು ರಿಬೇಸ್ ಮುಗಿದದ್ದು. ಅದರ ಕೆಳಗಿನ ಸಾಲೇ ಸಂಜೆಯ ಮೊದಲಿನ ಸ್ಥಿತಿ. ಆ ಕಮಿಟ್‌ಗೆ ಹೊಸ ಬ್ರಾಂಚಿನ ಹೆಸರು ಕಟ್ಟಿದೆವು. ಐದು ನಿಮಿಷದ ಕೆಲಸ. ರಿಬೇಸ್ ಹಳೇ ಕಮಿಟ್‌ಗಳನ್ನು ಅಳಿಸುವುದಿಲ್ಲ, ಹೊಸದಾಗಿ ಬರೆದು ಹೆಸರನ್ನು ಅತ್ತ ತಿರುಗಿಸುತ್ತದೆ. ಎಲ್ಲಿಂದಲೂ ತಲುಪಲಾಗದ ಹಳೆಯದನ್ನೂ ರಿಫ್‌ಲಾಗ್ ಮಾಮೂಲಿ ಸೆಟ್ಟಿಂಗಿನಲ್ಲಿ 30 ದಿನ ಹಿಡಿದಿಟ್ಟಿರುತ್ತದೆ. ಹುಡುಗ ಅವತ್ತು ಮೊದಲ ಸಲ ಉಸಿರು ಬಿಟ್ಟ.

ಮಾಲೀಕರು ಮೇನ್‌ನಲ್ಲಿ ಆದದ್ದನ್ನೆಲ್ಲ ಹಿಂದಕ್ಕೆ ತಿರುಗಿಸಿ ಅಂದರು. ನಾನು ಒಪ್ಪಲಿಲ್ಲ. ‘ಗಿಟ್ ಮರ್ಜ್-ಬೇಸ್’ ಕೇಳಿ ನೋಡಿದೆ. ಉಳಿಸಿಕೊಂಡ ಬ್ರಾಂಚಿಗೂ ಮೇನ್‌ಗೂ ನಡುವಿನ ಮೂಲ ಇನ್ನೂ ಏಪ್ರಿಲ್ ಮೊದಲ ವಾರದ ಕಮಿಟ್ಟೇ ಆಗಿತ್ತು. ಅಂದರೆ ಗಿಟ್ ದೃಷ್ಟಿಯಲ್ಲಿ ಈ ಮರ್ಜ್ ಇನ್ನೂ ಆಗೇ ಇಲ್ಲ. ಸುಮ್ಮನೆ ಮತ್ತೊಮ್ಮೆ ಮಾಡಿದರಾಯಿತು. ಸಹಾಯ ಪುಟದ ಬದಲಾವಣೆ ಎರಡೂ ಕಡೆ ಒಂದೇ ಆಗಿರುವುದರಿಂದ ಅಲ್ಲಿ ಜಗಳವೂ ಬರುವುದಿಲ್ಲ.

ಮೂರನ್ನೂ ಸಾರ್ಟ್ ಮಾಡಿದರೆ?

ಈ ಸಲ ನೋಡಿಕೊಂಡು ಮರ್ಜ್ ಕೊಟ್ಟೆವು. ಮತ್ತೆ ಇಡೀ ಫೈಲೇ ಕಾನ್‌ಫ್ಲಿಕ್ಟ್, ಅದೇ ಗೋಡೆ. ಮೇನ್‌ನಲ್ಲಿ ಸಾಲುಗಳೆಲ್ಲ ಅಕ್ಷರ ಕ್ರಮದಲ್ಲಿವೆ, ಮೇಡಂ ಪ್ರತಿಯಲ್ಲಿ ಹಳೇ ಕ್ರಮದಲ್ಲಿವೆ. ಗಿಟ್ ನೋಡುವುದು ಸಾಲುಗಳನ್ನು, ಅವುಗಳ ಅರ್ಥವನ್ನಲ್ಲ. ಸಾಲು ಜಾಗ ಬಿಟ್ಟರೆ ಇಲ್ಲಿ ಅಳಿಸಿದರು, ಅಲ್ಲಿ ಹೊಸದಾಗಿ ಬರೆದರು ಅಂತಲೇ ಅದರ ಲೆಕ್ಕ. ನೂರಾರು ಸಾಲಿನ ಕಾನ್‌ಫ್ಲಿಕ್ಟ್‌ಗಳು.

ಹುಡುಗ ‘212 ಸಾಲನ್ನೂ ನಾನೇ ಕೈಯಲ್ಲಿ ಹಾಕ್ತೀನಿ ಸರ್’ ಅಂದ. ಪಶ್ಚಾತ್ತಾಪದ ಮಾತು. ಕೇಳೋಕೆ ಚೆನ್ನಾಗಿತ್ತು, ಆದರೆ ಬೇಡ ಅಂದೆ. ಕೈಯಲ್ಲಿ ಹಾಕಿದರೆ ಎಲ್ಲಿ ಬಿಟ್ಟುಹೋಯಿತು ಅಂತ ಹೇಳುವವರು ಯಾರೂ ಇರುವುದಿಲ್ಲ.

ದಾರಿ ತೋರಿಸಿದ್ದು ಹಿರಿಯ ಡೆವಲಪರ್, ಊರಿಂದ ಫೋನಿನಲ್ಲಿ. ‘ಗಲಾಟೆ ಇರೋದು ಕ್ರಮದಲ್ಲಿ ತಾನೆ? ಮೂಲಾನೂ ಸಾರ್ಟ್ ಮಾಡು, ಮೇಡಂದೂ ಸಾರ್ಟ್ ಮಾಡು. ಆಮೇಲೆ ಕೂಡಿಸು.’

ಕಾನ್‌ಫ್ಲಿಕ್ಟ್ ಆದಾಗ ಗಿಟ್ ಮೂರು ಪ್ರತಿಯನ್ನೂ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಇಟ್ಟುಕೊಂಡಿರುತ್ತದೆ. ಒಂದು ಮೂಲ, ಎರಡು ನಾವು ನಿಂತ ಕಡೆಯದು, ಮೂರು ಬರುತ್ತಿರುವುದು. ‘ಗಿಟ್ ಶೋ’ಗೆ ಕೋಲನ್, ನಂಬರ್, ಮತ್ತೆ ಕೋಲನ್, ಫೈಲಿನ ಹೆಸರು ಕೊಟ್ಟರೆ ಆ ಪ್ರತಿ ಹೊರಬರುತ್ತದೆ. ಮೂರನ್ನೂ ಬೇರೆ ಬೇರೆ ಫೈಲಿಗೆ ತೆಗೆದೆವು. ಹುಡುಗನ ಅದೇ ಸ್ಕ್ರಿಪ್ಟನ್ನು ಮೂಲದ ಮೇಲೂ ಮೇಡಂ ಪ್ರತಿಯ ಮೇಲೂ ಓಡಿಸಿದೆವು. ಆಮೇಲೆ ‘ಗಿಟ್ ಮರ್ಜ್-ಫೈಲ್’ಗೆ ಮೇನ್, ಮೂಲ, ಮೇಡಂ ಅಂತ ಅದೇ ಅನುಕ್ರಮದಲ್ಲಿ ಮೂರನ್ನೂ ಕೊಟ್ಟೆವು. ಡಿಫ್3 ರೀತಿಯಲ್ಲಿ ತೋರಿಸು ಅಂತಲೂ ಹೇಳಿದೆವು, ಮೂಲ ಕಣ್ಣಿಗೆ ಕಾಣಲಿ ಅಂತ.

ಗೋಡೆ ಹೋಯಿತು. 19 ಕಾನ್‌ಫ್ಲಿಕ್ಟ್ ಉಳಿದವು. ಮಿಕ್ಕದ್ದೆಲ್ಲ ತಾನಾಗಿಯೇ ಕೂಡಿಕೊಂಡಿತ್ತು.

ಆ ಹತ್ತೊಂಬತ್ತರಲ್ಲಿ ಎಂಟು ಬರೀ ನೆರೆಹೊರೆಯ ತಕರಾರು. ಒಂದು ಸಾಲನ್ನು ಹಿರಿಯರು, ಪಕ್ಕದ ಸಾಲನ್ನು ಮೇಡಂ ಬದಲಿಸಿದ್ದರು. ಒತ್ತಿಕೊಂಡಿರುವ ಬದಲಾವಣೆಗಳನ್ನು ಗಿಟ್ ಬಿಡಿಸುವುದಿಲ್ಲ. ಎರಡನ್ನೂ ಇಟ್ಟುಕೊಂಡು ಮುಂದೆ ಹೋದೆವು.

ನಾಲ್ಕು ನಿಜವಾದ ಜಗಳ. ಒಂದನ್ನು ತೋರಿಸುತ್ತೇನೆ.

<<<<<<< ಮೇನ್
ನೀರು_ಶೀರ್ಷಿಕೆ = ಪರಿಷ್ಕೃತ ದರದಂತೆ ನೀರಿನ ಶುಲ್ಕವು ವಿಧಿಸಲ್ಪಟ್ಟಿದೆ
||||||| ಮೂಲ
ನೀರು_ಶೀರ್ಷಿಕೆ = ನೀರಿನ ಶುಲ್ಕವು ಈ ಕೆಳಗಿನಂತೆ ವಿಧಿಸಲ್ಪಟ್ಟಿದೆ
=======
ನೀರು_ಶೀರ್ಷಿಕೆ = ನೀರಿನ ಲೆಕ್ಕ ಹೀಗಿದೆ
>>>>>>> ಮೇಡಂ

ನಡುವಿನ ಆ ಸಾಲನ್ನು ಮುಚ್ಚಿ ಓದಿ ನೋಡಿ. ಉದ್ದದ್ದೋ ಗಿಡ್ಡದ್ದೋ ಅಂತ ಆರಿಸಬೇಕೆನಿಸುತ್ತದೆ. ತೆರೆದು ಓದಿದರೆ ಬೇರೆಯೇ ಕಾಣುತ್ತದೆ. ಹಿರಿಯರು ಮಾಡಿದ್ದು ‘ದರ ಬದಲಾಗಿದೆ’ ಅನ್ನುವ ಸುದ್ದಿ ಸೇರಿಸಿದ್ದು. ಮೇಡಂ ಮಾಡಿದ್ದು ಭಾಷೆ ಹಗುರ ಮಾಡಿದ್ದು. ಇಬ್ಬರಿಗೂ ಜಗಳವೇ ಇಲ್ಲ. ಕೊನೆಗೆ ಇಟ್ಟದ್ದು ಎರಡೂ ಅಲ್ಲದ ಮೂರನೇ ಸಾಲು: ‘ಹೊಸ ದರದ ಪ್ರಕಾರ ನೀರಿನ ಲೆಕ್ಕ ಹೀಗಿದೆ’. ಮೇಡಂ ಫೋನಿನಲ್ಲೇ ಹೇಳಿ ಬರೆಸಿದರು.

ಕಣ್ಣಿಗೆ ಕಾಣದ ಏಳು

ಉಳಿದ ಏಳು ನಮ್ಮ ಅರ್ಧ ದಿನ ತಿಂದವು. ಎರಡೂ ಬದಿಯ ಸಾಲು ಒಂದೇ! ಮೂಲದಲ್ಲಿ ‘ಭಾಕಿ ಬಿಲ್’. ಮೇನ್‌ನಲ್ಲಿ ‘ಬಾಕಿ ಬಿಲ್’. ಮೇಡಂ ಕಡೆಯೂ ‘ಬಾಕಿ ಬಿಲ್’. ಇಬ್ಬರೂ ಒಂದೇ ತಿದ್ದುಪಡಿ ಮಾಡಿದ್ದರೆ ಗಿಟ್ ತಕರಾರೇ ಎತ್ತಬಾರದು. ಹುಡುಗ ಗಿಟ್‌ನಲ್ಲೇ ಬಗ್ ಇದೆ ಅಂದ. ಇಪ್ಪತ್ತು ವರ್ಷದ ಗಿಟ್ ಮತ್ತು ಮೂರು ತಿಂಗಳ ಹುಡುಗ, ಇಬ್ಬರಲ್ಲಿ ನಾನು ಗಿಟ್ ಕಡೆ ನಿಂತೆ.

ಎರಡೂ ಸಾಲಿನ ಬೈಟ್‌ಗಳನ್ನು, ಅಂದರೆ ಕಂಪ್ಯೂಟರಿನೊಳಗೆ ಅಕ್ಷರಗಳು ಕೂರುವ ಅಂಕಿಗಳನ್ನು, ತೆಗೆದು ನೋಡಿದೆವು. ಮೇಡಂ ಸಾಲಿನ ಕೊನೆಯಲ್ಲಿ, ಲ್ ಆದಮೇಲೆ, ಮೂರು ಬೈಟ್ ಜಾಸ್ತಿ ಇತ್ತು. ಅದು ಅಗಲವಿಲ್ಲದ ಒಂದು ಅಕ್ಷರ. ‘ಅಪಾರ್ಟ್‌ಮೆಂಟ್’ ಅಂತ ಬರೆಯುವಾಗ ಟ್ ಕೆಳಗೆ ಮ ಒತ್ತಾಗಿ ಹೋಗದಂತೆ ತಡೆಯುವುದು ಅದೇ. ಮೇಡಂ ಬಳಸುವ ಕೀಲಿಮಣೆ, ಪದ ಅರ್ಧಾಕ್ಷರದಲ್ಲಿ ಮುಗಿದರೂ ಅದನ್ನು ಹಾಕುತ್ತಿತ್ತು. ಅಲ್ಲಿ ಅದಕ್ಕೆ ಕೆಲಸವೂ ಇಲ್ಲ, ರೂಪವೂ ಇಲ್ಲ. ಐದು ಕಡೆ ಕಥೆ ಇದೇ.

ಇನ್ನೆರಡು ಕಡೆ ವಿಷಯ ಬೇರೆ. ‘ಕೊನೆ’ ಅನ್ನುವ ಪದ. ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒ ಕಾರದ ಚಿಹ್ನೆಯನ್ನು ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ, ಇಲ್ಲವೇ ಎ ಕಾರದ ಚಿಹ್ನೆ ಮತ್ತು ಊ ಕಾರದ ಚಿಹ್ನೆ ಎರಡನ್ನೂ ಅಕ್ಕಪಕ್ಕ ಇಟ್ಟು. ಪರದೆಯ ಮೇಲೆ ಎರಡೂ ‘ಕೊ’. ಎರಡೂ ಸಮ ಅಂತ ಯೂನಿಕೋಡ್ ಹೇಳುತ್ತದೆ. ಆದರೆ ಗಿಟ್ ಬೈಟ್ ನೋಡುತ್ತದೆ, ಅದಕ್ಕೆ ಎರಡೂ ಬೇರೆ. ಹಿರಿಯರು ಆ ಸಾಲನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ್ದರಂತೆ, ಒಡೆದ ರೂಪ ಅಲ್ಲಿಂದ ಬಂದಿತ್ತು.

ಇಬ್ಬರೂ ಅದೇ ಏಳು ಸಾಲನ್ನು ತಿದ್ದಿದ್ದು ಹೇಗೆ? ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಬಿಲ್ಲಿನಲ್ಲಿ ತಪ್ಪುಗಳಿವೆ ಅಂತ ವಾಟ್ಸಾಪಿನಲ್ಲಿ ಎಂಟು ಅಂಶದ ಪಟ್ಟಿ ಕಳಿಸಿದ್ದರು. ಏಳು ಕಾಗುಣಿತದ್ದು. ಮಾಲೀಕರು ಅದನ್ನು ಹಿರಿಯರಿಗೂ ಫಾರ್ವರ್ಡ್ ಮಾಡಿದ್ದರು, ಮೇಡಂಗೂ ಮಾಡಿದ್ದರು. ಎಂಟನೆಯ ಅಂಶ ಏನು ಅಂತ ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಆ ಕಾಣದ ಅಕ್ಷರವನ್ನು ಇಡೀ ಫೈಲಿನಿಂದ ಒಂದೇ ಏಟಿಗೆ ಅಳಿಸಿಬಿಡೋಣ ಅಂತ ಹುಡುಗ ಕಮ್ಯಾಂಡ್ ಬರೆದೇಬಿಟ್ಟ. ಎಂಟರ್ ಒತ್ತುವ ಮೊದಲು ಮೇಡಂಗೆ ಒಂದು ಮಾತು ಕೇಳು ಅಂದೆ. ‘ಅಯ್ಯೋ ಬೇಡಪ್ಪಾ! ಅಪಾರ್ಟ್ಮೆಂಟ್ ಅಂತ ಒತ್ತಕ್ಷರ ಬಂದ್ರೆ ನೋಡೋಕಾಗುತ್ತಾ? ಪದದ ಕೊನೇಲಿ ಮಾತ್ರ ತೆಗಿ.’ ಹಾಗೇ ಮಾಡಿದೆವು. ಒಡೆದ ಒ ಕಾರಗಳನ್ನೂ ಒಂದೇ ಸಂಕೇತಕ್ಕೆ ತಂದೆವು. ಈಗ ಕಮಿಟ್‌ಗೆ ಮುಂಚೆ ಈ ಎರಡನ್ನೂ ನೋಡುವ ಚಿಕ್ಕ ಹುಕ್, ಅಂದರೆ ತಾನಾಗಿಯೇ ಓಡುವ ಸ್ಕ್ರಿಪ್ಟ್ ಇದೆ. ಕನ್ನಡದ ಪಠ್ಯವನ್ನು ಗಿಟ್‌ನಲ್ಲಿ ಇಡುವ ಯಾರಿಗಾದರೂ ಇದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೇ 1ರ ಮಧ್ಯಾಹ್ನ ಮರ್ಜ್ ಕಮಿಟ್ ಆಯಿತು. ಐದು ಮಾದರಿ ಬಿಲ್ ತೆಗೆದು ಮೇಡಂ ಓದಿದರು. 2ನೇ ತಾರೀಕು ಬಿಲ್‌ಗಳು ಹೋದವು. ಎಲ್ಲ ಮುಗಿಯಿತು ಅಂದುಕೊಂಡೆವು.

ಎಂಟನೇ ಅಂಶ

ಮೇ 12ರಂದು ಒಂದು ಅಪಾರ್ಟ್‌ಮೆಂಟಿನ 84 ಮನೆಗಳಿಗೆ ನೆನಪಿನ ಸಂದೇಶ ಹೋಯಿತು. ಒಂದು ಮನೆಗೆ ಹೋದದ್ದು ಇದು:

‘1,840 ರೊಳಗೆ ರೂ. 15-05-2025 ಕಟ್ಟಿ.’

ಕಾರ್ಯದರ್ಶಿಗಳ ಪಟ್ಟಿಯ ಎಂಟನೆಯ ಅಂಶ ಇದೇ ಸಂದೇಶದ್ದು. ಮೊದಲು ಅದು ‘ರೂ. 15-05-2025 ಅನ್ನು 1,840 ರೊಳಗೆ ಕಟ್ಟಿ’ ಅನ್ನುವ ಥರ ಬರುತ್ತಿತ್ತು. ವಾಕ್ಯದಲ್ಲಿ ಹಣಕ್ಕೊಂದು, ದಿನಕ್ಕೊಂದು ಖಾಲಿ ಜಾಗ. ಪ್ರೋಗ್ರಾಮ್ ಅವನ್ನು ಉಲ್ಟಾ ತುಂಬುತ್ತಿತ್ತು. ಮೇಡಂ ವಾಕ್ಯವನ್ನೇ ತಿರುಗಿಸಿದರು: ಮೊದಲು ದಿನ, ಆಮೇಲೆ ಹಣ. ಸರಿಯಾಯಿತು. ಹಿರಿಯರು ಪ್ರೋಗ್ರಾಮನ್ನು ತಿರುಗಿಸಿದರು: ಮೊದಲು ಹಣ, ಆಮೇಲೆ ದಿನ. ಅದೂ ಸರಿಯಾಯಿತು. ಎರಡು ಬೇರೆ ಫೈಲು. ಆ ಎರಡು ಜಾಗವನ್ನೂ ಒಬ್ಬೊಬ್ಬರೇ ಮುಟ್ಟಿದ್ದು. ಗಿಟ್ ಒಂದು ಮಾತೂ ಆಡದೆ ಎರಡನ್ನೂ ಕೂಡಿಸಿತು. ಎರಡು ಸರಿ ಸೇರಿ ಮತ್ತೆ ತಪ್ಪಾಯಿತು.

ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಇದೇ. 212 ಸಾಲು ಹೋದಾಗ ಕೊನೆಪಕ್ಷ ಗಿಟ್ ಒಂಬತ್ತು ಸಲ ಕೂಗಿತ್ತು. ಇಲ್ಲಿ ಕೂಗೇ ಇಲ್ಲ. ನಾವು ಕಾನ್‌ಫ್ಲಿಕ್ಟ್ ಇದ್ದ 19 ಕಡೆ ಮೂಲ ತೆರೆದು ನೋಡಿದ್ದೆವು, ಇಲ್ಲದ ಕಡೆ ನೋಡಲಿಲ್ಲ. ಈಗ ಮರ್ಜ್‌ಗೆ ಮೊದಲು ಮೂಲದಿಂದ ಮೇನ್‌ಗೆ ಏನು ಬದಲಾಗಿದೆ, ಮೂಲದಿಂದ ಬ್ರಾಂಚಿಗೆ ಏನು ಬದಲಾಗಿದೆ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟು ಒಬ್ಬರು ಓದುತ್ತಾರೆ. ‘ಗಿಟ್ ಡಿಫ್’ಗೆ ಎರಡು ಹೆಸರಿನ ನಡುವೆ ಮೂರು ಚುಕ್ಕಿ ಕೊಟ್ಟರೆ ಮೂಲದಿಂದ ಲೆಕ್ಕ ಬರುತ್ತದೆ. ಖಾಲಿ ಜಾಗಗಳಿಗೂ ಮೊತ್ತ, ದಿನಾಂಕ ಅಂತ ಹೆಸರಿಟ್ಟಿದ್ದಾರೆ. ವಾಕ್ಯ ಹೇಗೆ ತಿರುಗಿದರೂ ಹಣ ಹಣದ ಜಾಗದಲ್ಲೇ ಕೂರುತ್ತದೆ.

ಬದಲಾದದ್ದು ಮತ್ತಿಷ್ಟು

ಎಲ್ಲರ ಕಂಪ್ಯೂಟರಿನಲ್ಲೂ ಕಾನ್‌ಫ್ಲಿಕ್ಟ್ ಆದಾಗ ಮೂಲವೂ ಕಾಣುವಂತೆ ಸೆಟ್ಟಿಂಗ್ ಹಾಕಿದೆವು. 2022ರ ಗಿಟ್ 2.35ರಿಂದ ಝಡ್‌ಡಿಫ್3 ಅನ್ನುವ ರೀತಿ ಇದೆ, ಅದು ಜಗಳದ ಮೊದಲಲ್ಲೂ ಕೊನೆಯಲ್ಲೂ ಎರಡೂ ಬದಿಯಲ್ಲಿ ಒಂದೇ ಇರುವ ಸಾಲುಗಳನ್ನು ಹೊರಗಿಟ್ಟು ಜಗಳವನ್ನು ಚಿಕ್ಕದು ಮಾಡಿ ತೋರಿಸುತ್ತದೆ. ಸಾರ್ಟ್, ಜೋಡಣೆ ಇಂಥ ಕೆಲಸ ಬೇರೆ ಯಾವ ಬ್ರಾಂಚೂ ಬಾಕಿ ಇಲ್ಲದ ದಿನ ಮಾತ್ರ. ಇನ್ನೊಬ್ಬರ ಬ್ರಾಂಚಿಗೆ ಫೋರ್ಸ್ ಪುಶ್ ಇಲ್ಲ.

ಫೈಲಿಗೆ ಬೀಗ ಹಾಕೋಣ, ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರು ಕಾಯಲಿ ಅಂತ ಮಾಲೀಕರು ಕೇಳಿದರು. ಗಿಟ್‌ನಂಥದ್ದೇ ಕೆಲಸ ಮಾಡುತ್ತಿದ್ದ 1980ರ ದಶಕದ ಆರ್‌ಸಿಎಸ್‌ನಲ್ಲಿ ಹಾಗೇ ಇತ್ತು. ನೀರಿನ ದರ ಬಂದ ದಿನ ಮೇಡಂ ಮೂರು ವಾರ ಫೈಲ್ ಹಿಡಿದಿದ್ದರೆ ಹಿರಿಯರು ಏನು ಮಾಡಬೇಕಿತ್ತು ಅಂತ ಕೇಳಿದೆ. ಆ ಮಾತು ಅಲ್ಲಿಗೇ ನಿಂತಿತು.

ನನಗಾಗಿ ಒಂದು ನಿಯಮ: ಫೋನಿನಲ್ಲಿ ಯಾರಾದರೂ ಕಾನ್‌ಫ್ಲಿಕ್ಟ್ ಅಂದರೆ, ಮೊದಲು ಗಿಟ್ ಸ್ಟೇಟಸ್ ಕೊಟ್ಟು ಬಂದದ್ದನ್ನು ಓದು ಅನ್ನುತ್ತೇನೆ. ರಿಬೇಸ್ ನಡೆಯುತ್ತಿದ್ದರೆ ಅದು ಅಲ್ಲೇ ಹೇಳುತ್ತದೆ. ನಾನು ಮೆಟ್ರೋದಲ್ಲಿದ್ದರೆ ಮಲ್ಲೇಶ್ವರ ಬರುವವರೆಗೂ ಏನೂ ಒತ್ತಬೇಡ ಅನ್ನುತ್ತೇನೆ.

ಕಾರ್ಯದರ್ಶಿಗಳಿಗೆ ಕ್ಷಮೆ ಕೇಳಲು ನಾನೇ ಫೋನ್ ಮಾಡಿದ್ದೆ. ಸಂದೇಶದ ದಿನಾಂಕವನ್ನು ಅವರು ಹಣ ಅಂತಲೇ ಓದಿದ್ದರು. ‘ಒಂದೂವರೆ ಕೋಟಿ ಮೇಂಟೆನೆನ್ಸಾ ಸ್ವಾಮಿ? ಫ್ಲ್ಯಾಟೇ ಬರೆದುಕೊಡ್ತೀನಿ, ತಗೊಂಡುಬಿಡಿ’ ಅಂದರು.

ಮೇಡಂ ಮನೆಯ ಗೋಡೆಯ ಹಾಳೆಯಲ್ಲಿ ಐದು ಕಮ್ಯಾಂಡ್‌ಗಳ ಕೆಳಗೆ ಈಗ ಇನ್ನೊಂದು ಸಾಲಿದೆ. ಕೆಂಪು ಪೆನ್ನಿನಲ್ಲಿ, ಮೇಷ್ಟರ ದುಂಡು ಅಕ್ಷರ: ‘ಅವರ್ಸ್ = ನಮ್ಮದು. ರಿಬೇಸ್‌ನಲ್ಲಿ ಅವರದು. ಹುಡುಗರು ಹೇಳಿದರೆ ಎರಡು ಸಲ ಕೇಳುವುದು.’